ಎರಡು ನಿಮಿಷದಲ್ಲಿ ಹೆದರಿಸುವ ಪಾಠ

ಬ್ರಿಟನ್ನಿನಲ್ಲಿ ಹದಿನಾರು, ಹದಿನೇಳು ವಯಸ್ಸಿನ ಮಕ್ಕಳು ಎ-ಲೆವೆಲ್ ಹಂತದಲ್ಲಿ ಮಾಧ್ಯಮ ಅಧ್ಯಯನವನ್ನು ಒಂದು ವಿಷಯವಾಗಿ ಓದಬಹುದು. ಅಲ್ಲಿನ ಒಸಿಆರ್ ಪರೀಕ್ಷಾ ಮಂಡಳಿ ಈ ಮಕ್ಕಳಿಗೆ ಹಲವು ವರ್ಷ ಒಂದು ಪ್ರಾಯೋಗಿಕ ಕೆಲಸ ಕೊಡುತ್ತಿತ್ತು. ಹೊಸದೊಂದು ಕಥಾಚಿತ್ರವನ್ನು ಕಲ್ಪಿಸಿಕೊಳ್ಳಬೇಕು. ಇಡೀ ಚಿತ್ರ ತೆಗೆಯುವ ಅಗತ್ಯವಿಲ್ಲ, ಟೈಟಲ್ ಕಾರ್ಡುಗಳ ಸಮೇತ ಅದರ ಆರಂಭವನ್ನಷ್ಟೇ ತೆಗೆದು ಒಪ್ಪಿಸಬೇಕು. ಎರಡು ನಿಮಿಷ ಮೀರುವಂತಿಲ್ಲ. ಒಂದು ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇರುವಂತಿಲ್ಲ. ದೃಶ್ಯವೆಲ್ಲ ತಾವೇ ಚಿತ್ರೀಕರಿಸಿದ್ದಾಗಿರಬೇಕು. ಹಕ್ಕುಸ್ವಾಮ್ಯದ ತಕರಾರಿಲ್ಲದ ಸಂಗೀತ, ಸದ್ದುಗಳನ್ನು ಮಾತ್ರ ಹೊರಗಿನಿಂದ ತರಬಹುದು. ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಪರೀಕ್ಷಾ ಮಂಡಳಿಯ ಪಠ್ಯಕ್ರಮದಲ್ಲೂ ಇದೇ ಬಗೆಯ ಕೆಲಸವಿದೆ.

ಈ ಕೆಲಸ ಕೈಗೆ ಬಂದ ಮಕ್ಕಳಲ್ಲಿ ಬಹಳಷ್ಟು ಜನ ಹಾರರ್ ಕಡೆಗೇ ಹೋಗುತ್ತಾರೆ. ಕಾರಣ ಸರಳ. ಪ್ರೇಮಕಥೆಗೆ ನಟನೆ ಬಲ್ಲವರು ಬೇಕು, ಸಾಹಸಕ್ಕೆ ವಾಹನ, ಜನ, ದುಡ್ಡು ಬೇಕು. ಭಯಕ್ಕೆ ಒಂದು ಖಾಲಿ ಮನೆ, ಒಬ್ಬಳು ಗೆಳತಿ, ಕತ್ತಲಾಗುವ ಹೊತ್ತು ಸಾಕು. ಹಾರರ್ ಇತಿಹಾಸವೂ ಇದೇ ಮಾತು ಹೇಳುತ್ತದೆ. ಜಾರ್ಜ್ ರೊಮೆರೊ 1968ರಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಮಾಡಿದ್ದು ಸುಮಾರು 1,14,000 ಡಾಲರಿನಲ್ಲಿ. ಸ್ಯಾಮ್ ರೈಮಿ ಮೊದಲು 1978ರಲ್ಲಿ ‘ವಿದಿನ್ ದಿ ವುಡ್ಸ್’ ಎಂಬ ಕಿರುಚಿತ್ರ ತೆಗೆದು, ಅದನ್ನು ಹಣ ಹಾಕುವವರಿಗೆ ತೋರಿಸಿ, ಆಮೇಲೆ ‘ದಿ ಈವಿಲ್ ಡೆಡ್’ಗೆ ಕೈಹಾಕಿದ. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನ ಮುಖ್ಯ ಚಿತ್ರೀಕರಣ ಮುಗಿದದ್ದು ಎಂಟು ದಿನದಲ್ಲಿ. ಕೈಯಲ್ಲಿ ಏನೂ ಇಲ್ಲದವರು ಧೈರ್ಯವಾಗಿ ಪ್ರವೇಶಿಸಿದ ಸಿನಿಮಾ ಪ್ರಕಾರ ಇದು.

ಆದರೆ ಹಾರರ್ ಅಗ್ಗ ಎಂದ ಮಾತ್ರಕ್ಕೆ ಸುಲಭ ಎಂದಾಗುವುದಿಲ್ಲ. ಎರಡು ನಿಮಿಷ ಎಂದರೆ ನೂರ ಇಪ್ಪತ್ತು ಸೆಕೆಂಡು. ಅದರಲ್ಲಿ ಟೈಟಲ್ ಬರಬೇಕು, ಜಾಗದ ಪರಿಚಯ ಆಗಬೇಕು, ಒಂದು ಮುಖದ ಮೇಲೆ ನೋಡುಗರಿಗೆ ಮಮತೆ ಹುಟ್ಟಬೇಕು, ಆ ಮುಖಕ್ಕೆ ಏನಾಗುತ್ತದೋ ಎಂಬ ಆತಂಕ ಮೂಡಬೇಕು. ಇಷ್ಟು ಚಿಕ್ಕ ಜಾಗದಲ್ಲಿ ಪ್ರತಿ ಶಾಟೂ ಒಂದು ನಿರ್ಧಾರ. ಆ ನಿರ್ಧಾರಗಳೆಲ್ಲ ಕೊನೆಗೆ ಒಂದೇ ವಿಚಾರಕ್ಕೆ ಬಂದು ಸೇರುತ್ತವೆ ಎಂಬುದು ನನ್ನ ನಂಬಿಕೆ: ನೋಡುಗನಿಗೆ ಎಷ್ಟು ತಿಳಿಸಬೇಕು, ಯಾವುದನ್ನು ತಿಳಿಸದೆ ಉಳಿಸಿಕೊಳ್ಳಬೇಕು. ದೆವ್ವದ ಮೇಕಪ್ಪು, ರಕ್ತದ ಬಣ್ಣ, ಮುಖವಾಡ ಎಲ್ಲ ಆಮೇಲಿನ ಮಾತು.

ನಿರ್ದೇಶಕ ಹಿಚ್‌ಕಾಕ್ ಇದನ್ನು ಫ್ರೆಂಚ್ ನಿರ್ದೇಶಕ ತ್ರೂಫೋಗೆ ಒಂದು ಬಾಂಬಿನ ಉದಾಹರಣೆ ಕೊಟ್ಟು ವಿವರಿಸಿದ್ದ. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬ್ ಸಿಡಿಯಿತು. ನೋಡುಗ ಒಂದು ಕ್ಷಣ ಬೆಚ್ಚುತ್ತಾನೆ, ಅಲ್ಲಿಗೆ ಮುಗಿಯಿತು. ಅದೇ ಬಾಂಬ್ ಮೇಜಿನ ಕೆಳಗಿದೆ ಎಂದು ನೋಡುಗನಿಗೆ ಮೊದಲೇ ಗೊತ್ತಿದ್ದು, ಹರಟುವವರಿಗೆ ಗೊತ್ತಿಲ್ಲದಿದ್ದರೆ ಆ ಬಡಪಾಯಿ ಹರಟೆಯ ಒಂದೊಂದು ನಿಮಿಷವೂ ಹಿಂಸೆಯಾಗುತ್ತದೆ. ವಿದ್ಯಾರ್ಥಿಗಳ ಚಿತ್ರಗಳು ಹೆಚ್ಚಾಗಿ ಆಯ್ದುಕೊಳ್ಳುವುದು ಬೆಚ್ಚಿಬೀಳಿಸುವ ದಾರಿಯನ್ನು. ಕಾಯಿಸುವ ದಾರಿ ಹಿಡಿದವರು ವಿರಳ, ಗೆಲ್ಲುವವರು ಬಹುಪಾಲು ಅವರೇ.

ಮೊದಲು ಎದುರಾಗುವ ಪ್ರಶ್ನೆ, ಕ್ಯಾಮೆರಾ ಯಾರ ಕಣ್ಣು ಎಂಬುದು. ಜಾನ್ ಕಾರ್ಪೆಂಟರ್ 1978ರಲ್ಲಿ ಮಾಡಿದ ‘ಹ್ಯಾಲೊವೀನ್’ ಚಿತ್ರದ ಆರಂಭ ಈ ವಿಷಯದಲ್ಲಿ ಇವತ್ತಿಗೂ ಪಾಠವೇ. 1963ರ ಅಕ್ಟೋಬರ್ ರಾತ್ರಿ. ಯಾರೋ ಒಬ್ಬರ ಕಣ್ಣಿನಿಂದ ನಾವು ಒಂದು ಮನೆಯನ್ನು ಹೊರಗಿನಿಂದ ನೋಡುತ್ತೇವೆ, ಸುತ್ತು ಹಾಕುತ್ತೇವೆ, ಅಡುಗೆಮನೆಗೆ ನುಗ್ಗುತ್ತೇವೆ, ಚಾಕು ಎತ್ತಿಕೊಳ್ಳುತ್ತೇವೆ, ಮೆಟ್ಟಿಲು ಹತ್ತುತ್ತೇವೆ, ಮುಖವಾಡ ಹಾಕಿಕೊಂಡು ಅದರ ಎರಡು ತೂತುಗಳಿಂದ ನೋಡುತ್ತೇವೆ. ಕೊಲೆಯಾಗುತ್ತದೆ. ಹೊರಗೆ ಬಂದ ಮೇಲೆ ಯಾರೋ ಮುಖವಾಡ ಕೀಳುತ್ತಾರೆ. ಆಗ ಮೊದಲ ಬಾರಿಗೆ ಕ್ಯಾಮೆರಾ ಎದುರುಗಡೆಗೆ ಬರುತ್ತದೆ. ನಿಂತಿರುವುದು ಚಾಕು ಹಿಡಿದ ಆರು ವರ್ಷದ ಹುಡುಗ. ಸುಮಾರು ನಾಲ್ಕು ನಿಮಿಷ ನಾವು ಯಾರೊಳಗೆ ಇದ್ದೆವೋ ಆತ ಒಂದು ಮಗು ಎಂದು ತಿಳಿದಾಗ ಹೊಟ್ಟೆ ತೊಳಸಿದಂತಾಗುತ್ತದೆ. ಪರದೆಯ ಮೇಲೆ ಕಾಣುವ ಆ ಕೈ ಚಿತ್ರದ ನಿರ್ಮಾಪಕಿ, ಸಹಲೇಖಕಿ ಡೆಬ್ರಾ ಹಿಲ್ ಅವರದು. ಚಿಕ್ಕ ತಂಡದಲ್ಲಿ ಎಲ್ಲರೂ ಎಲ್ಲ ಕೆಲಸಕ್ಕೂ ಒದಗುತ್ತಾರೆ. ಶಾಲೆಯ ಗುಂಪುಗಳಿಗೆ ಇದು ಗೊತ್ತಿರುವ ವಿಷಯ.

ಈ ಶಾಟನ್ನು ನಕಲು ಮಾಡಿದ ವಿದ್ಯಾರ್ಥಿ ಚಿತ್ರಗಳಿಗೆ ಲೆಕ್ಕವಿಲ್ಲ. ನಡುಗುವ ಕ್ಯಾಮೆರಾ, ಏದುಸಿರಿನ ಸದ್ದು, ಪೊದೆಯ ಮರೆಯಿಂದ ಕಿಟಕಿಯತ್ತ ನೋಟ. ಕೊನೆಗೆ ತಲೆಗೆ ಟೊಪ್ಪಿ ಎಳೆದುಕೊಂಡ ಒಬ್ಬ ಕಾಣಿಸುತ್ತಾನೆ, ಅಷ್ಟೆ. ಕಾರ್ಪೆಂಟರನ ಶಾಟಿನ ಶಕ್ತಿ ನಡುಗುವ ಚಲನೆಯಲ್ಲಿ ಇರಲಿಲ್ಲ, ಅದು ಬಚ್ಚಿಟ್ಟ ಗುಟ್ಟಿನಲ್ಲಿತ್ತು. ಕಣ್ಣು ಯಾರದು ಎಂಬ ಪ್ರಶ್ನೆಗೆ ಬೆಲೆಯುಳ್ಳ ಉತ್ತರ ನಿಮ್ಮ ಹತ್ತಿರ ಇದ್ದರೆ ಮಾತ್ರ ಆ ಕಣ್ಣನ್ನು ಬಳಸಿ. ಉತ್ತರ ಇಲ್ಲದಿದ್ದರೆ ಬೇಟೆಗೆ ಸಿಕ್ಕವಳ ಜೊತೆಗೇ ನಿಲ್ಲಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ಇಟ್ಟು, ಅವಳನ್ನು ಫ್ರೇಮಿನ ಒಂದು ಬದಿಗೆ ಕೂರಿಸಿ, ಅವಳ ಹಿಂದಿನ ಬಾಗಿಲನ್ನು ಅರ್ಧ ತೆರೆದಿಡಿ. ಏನೂ ಬರಬೇಕಾಗಿಲ್ಲ. ನೋಡುಗ ತಾನಾಗಿ ಬಾಗಿಲನ್ನೇ ನೋಡುತ್ತ ಕೂರುತ್ತಾನೆ.

ಇಷ್ಟೇ ಗಟ್ಟಿಯಾದ ಇನ್ನೊಂದು ಮಾದರಿ ರೈಮಿಯದು. ‘ದಿ ಈವಿಲ್ ಡೆಡ್’ನ ಮೊದಲ ಶಾಟಿನಲ್ಲಿ ಏನೋ ಒಂದು ಜೌಗು ನೀರಿನ ಮೇಲೆ ತೇಲಿಕೊಂಡು ಬರುತ್ತದೆ. ಅದೇನೆಂದು ಕೊನೆಯವರೆಗೂ ಕಾಣಿಸುವುದಿಲ್ಲ, ಅದರ ನೋಟ ಮಾತ್ರ ಕಾಣುತ್ತದೆ. ಈ ಚಿತ್ರದ ಓಡುವ ಶಾಟುಗಳಿಗೆ ದುಬಾರಿ ಉಪಕರಣ ಇರಲಿಲ್ಲ. ಉದ್ದನೆಯ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಗಳನ್ನು ಇಬ್ಬರು ಹಿಡಿದು ಓಡುತ್ತಿದ್ದರು. ಹಲಗೆ ಉದ್ದವಾದಷ್ಟೂ ಅಲುಗಾಟ ತಗ್ಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವ ಹುಡುಗರು ಇದನ್ನು ಇಂದು ಸಂಜೆಯೇ ಮಾಡಿ ನೋಡಬಹುದು.

ಜಾಗದ ಆಯ್ಕೆಯಲ್ಲಿ ಮಕ್ಕಳು ಮೊದಲು ಓಡುವುದು ಕಾಡಿಗೆ, ಇಲ್ಲವೆ ಪಾಳುಬಿದ್ದ ಕಟ್ಟಡಕ್ಕೆ. ಅಲ್ಲಿ ಭಯ ಮೊದಲೇ ತಯಾರಾಗಿ ಸಿಗುತ್ತದೆ ಎಂಬ ಭಾವನೆ. ಆದರೆ ಪಾಳುಮನೆಗೆ ಕಾಲಿಟ್ಟ ಕೂಡಲೇ ನೋಡುಗ ಎಚ್ಚರವಾಗುತ್ತಾನೆ, ಹೆದರಲು ಸಿದ್ಧನಾಗಿ ಕೂರುತ್ತಾನೆ. ಸಿದ್ಧನಾದವನನ್ನು ಹೆದರಿಸುವುದು ಕಷ್ಟ. 2014ರ ‘ಇಟ್ ಫಾಲೋಸ್’ ಚಿತ್ರ ಶುರುವಾಗುವುದು ಅಮೆರಿಕದ ಒಂದು ಸಾಧಾರಣ ಬಡಾವಣೆಯ ಬೀದಿಯಲ್ಲಿ. ಒಬ್ಬಳು ಹುಡುಗಿ ಎತ್ತರ ಹಿಮ್ಮಡಿಯ ಚಪ್ಪಲಿಯಲ್ಲೇ ಮನೆಯಿಂದ ಓಡಿ ಹೊರಬರುತ್ತಾಳೆ, ಹಿಂದಕ್ಕೆ ನೋಡುತ್ತಾಳೆ, ಮತ್ತೆ ಓಡುತ್ತಾಳೆ. ಕ್ಯಾಮೆರಾ ನಿಂತಲ್ಲೇ ಸುತ್ತ ತಿರುಗುತ್ತದೆ. ಅವಳ ಹಿಂದೆ ಯಾರೂ ಇಲ್ಲ. ನೆರೆಯವರು ಸಹಾಯ ಬೇಕೇ ಎಂದು ಕೇಳಿದರೆ ಬೇಡ ಎನ್ನುತ್ತಾಳೆ. ದಿನವೂ ನೋಡುವ ಬೀದಿ, ಬಾಗಿಲು, ಹುಲ್ಲುಹಾಸು ಎಲ್ಲದರಲ್ಲೂ ಏನೋ ಇದೆ ಎಂದು ಅನುಮಾನ ಶುರುವಾಗುವುದು ಅಲ್ಲಿಂದಲೇ. ಕುಬ್ರಿಕ್‌ನ ‘ದಿ ಶೈನಿಂಗ್’ ತೆರೆದುಕೊಳ್ಳುವುದು ಹಾಡಹಗಲಲ್ಲಿ: ಬೆಟ್ಟಗಳ ನಡುವಿನ ರಸ್ತೆಯಲ್ಲಿ ಒಂದು ಪುಟ್ಟ ಹಳದಿ ಕಾರು, ಮೇಲಿನಿಂದ ಅದನ್ನೇ ಬೆನ್ನುಹತ್ತಿದ ಹೆಲಿಕಾಪ್ಟರ್ ಶಾಟ್. ರೊಮೆರೊ ಚಿತ್ರ ಶುರುವಾಗುವ ಸ್ಮಶಾನದಲ್ಲೂ ಮೊದಲು ಬೆಳಕಿದೆ. ಅಣ್ಣ ತಂಗಿ ಜಗಳವಾಡುತ್ತಿದ್ದಾರೆ, ದೂರದಲ್ಲಿ ಒಬ್ಬ ಮನುಷ್ಯ ತೂರಾಡುತ್ತ ನಡೆದು ಬರುತ್ತಿದ್ದಾನೆ. ಅವನನ್ನು ನಾವು ಯಾರೋ ಸಾಮಾನ್ಯ ಮನುಷ್ಯ ಎಂದುಕೊಳ್ಳುತ್ತೇವೆ.

ತಮ್ಮ ಮನೆಯ ನಡುಮನೆ, ಶಾಲೆಯ ಉದ್ದ ಓಣಿ, ಮೆಟ್ಟಿಲ ಕೆಳಗಿನ ಕತ್ತಲು ಮೂಲೆ ಇವು ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತು. ಯಾವ ಬಾಗಿಲು ಕಿರುಗುಟ್ಟುತ್ತದೆ, ಸಂಜೆ ಎಷ್ಟು ಹೊತ್ತಿಗೆ ಯಾವ ಕಿಟಕಿಯ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಬೇರೆ ಯಾವ ನಿರ್ದೇಶಕನೂ ಅವರಷ್ಟು ಬಲ್ಲವನಲ್ಲ. ಈ ತಿಳಿವಳಿಕೆಯನ್ನು ಬಿಟ್ಟು ಕಾಡಿಗೆ ಹೋಗುವುದು ನಷ್ಟದ ವ್ಯಾಪಾರ.

ಬೆಳಕಿನ ಬಗ್ಗೆ ಕೆಲವು ನೇರ ಮಾತು. ಮೊಬೈಲ್ ಕ್ಯಾಮೆರಾ ಕತ್ತಲೆಯನ್ನು ಸಹಿಸುವುದಿಲ್ಲ. ತಾನಾಗಿ ಬೆಳಕು ಏರಿಸಲು ಹೋಗಿ ಚಿತ್ರವನ್ನೆಲ್ಲ ಕಾಳುಕಾಳಾಗಿಸುತ್ತದೆ. ಆದ್ದರಿಂದ ಎಕ್ಸ್‌ಪೋಷರ್ ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿಕೊಳ್ಳಬೇಕು. ಪೂರ್ತಿ ರಾತ್ರಿಯಲ್ಲಿ ಹೊರಗೆ ತೆಗೆಯುವ ಬದಲು ಸೂರ್ಯ ಮುಳುಗಿದ ಮೇಲಿನ ನೀಲಿ ಹೊತ್ತಿನಲ್ಲಿ ತೆಗೆದರೆ ಆಕಾಶದ ಎದುರು ಮರ, ಮನೆಗಳ ಆಕಾರ ಉಳಿಯುತ್ತದೆ, ಪರದೆಯ ಮೇಲೆ ಅದೇ ರಾತ್ರಿಯಂತೆ ಕಾಣುತ್ತದೆ. ಒಳಗಾದರೆ ದೃಶ್ಯದಲ್ಲೇ ಇರುವ ಟೇಬಲ್ ಲ್ಯಾಂಪ್, ಟಾರ್ಚ್, ತೆರೆದ ಫ್ರಿಜ್ಜಿನ ಬೆಳಕು ಸಾಕಾಗುತ್ತದೆ. ಬ್ರಿಟನ್ನಿನಲ್ಲೂ ನಮ್ಮಲ್ಲೂ ವಿದ್ಯುತ್ತು 50 ಹರ್ಟ್ಸ್‌ನದು. ಹೀಗಾಗಿ ಟ್ಯೂಬ್‌ಲೈಟ್ ಕೆಳಗೆ ಶಟರ್ ವೇಗ ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟರೆ ಪರದೆಯಲ್ಲಿ ಬೆಳಕು ಮಿನುಗುವ ಪಟ್ಟಿ ಬೀಳುವುದಿಲ್ಲ.

ಇನ್ನು ಶಬ್ದ. ಈ ಇಡೀ ಕೆಲಸದಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಗುರಿಯಾಗುವುದು ಇದೇ, ಅತ್ಯಂತ ಹೆಚ್ಚು ಕೆಲಸ ಮಾಡುವುದೂ ಇದೇ. ಕಾರ್ಪೆಂಟರ್ ‘ಹ್ಯಾಲೊವೀನ್’ ಅನ್ನು ಸಂಗೀತ ಸೇರಿಸುವ ಮೊದಲು ದೊಡ್ಡ ಸ್ಟುಡಿಯೋ ಒಂದರ ಅಧಿಕಾರಿಗೆ ತೋರಿಸಿದ್ದರು. ಆಕೆಗೆ ಸ್ವಲ್ಪವೂ ಭಯವಾಗಲಿಲ್ಲ. ಆಮೇಲೆ ಕಾರ್ಪೆಂಟರ್ ಅವರೇ ಕೂತು ಪಿಯಾನೊ ಮೇಲೆ ಐದು ಹೊಡೆತದ ತಾಳದಲ್ಲಿ ಒಂದು ಚಿಕ್ಕ ಧಾಟಿಯನ್ನು ಕಟ್ಟಿದರು. ಆ ತಾಳವನ್ನು ಚಿಕ್ಕಂದಿನಲ್ಲಿ ತಂದೆ ಅವರಿಗೆ ಬೊಂಗೊ ಮೇಲೆ ಕಲಿಸಿದ್ದರು. ನಾಲ್ಕಕ್ಕೆ ನಿಲ್ಲುತ್ತದೆ ಎಂದು ಕಿವಿ ಕಾಯುವಾಗ ಐದನೆಯದು ಬಂದು ಬೀಳುತ್ತದೆ, ನೆಮ್ಮದಿ ಸಿಗುವುದಿಲ್ಲ. ಚಿತ್ರ ಅದೇ, ಶಾಟುಗಳು ಅವೇ, ಭಯ ಬಂದದ್ದು ಕಿವಿಯಿಂದ. ಹಿಚ್‌ಕಾಕ್ ಕೂಡ ‘ಸೈಕೋ’ದ ಸ್ನಾನದ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದ. ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನಷ್ಟೇ ಬಳಸಿ ರಚಿಸಿದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದ. ಅದೇ ದೃಶ್ಯದಲ್ಲಿ ಚಾಕು ಇರಿಯುವ ಸದ್ದಿಗೆ ಕಸಾಬಾ ಜಾತಿಯ ಕರ್ಬೂಜ ಹಣ್ಣನ್ನು ಇರಿದು ಧ್ವನಿ ಹಿಡಿದಿದ್ದರು. ಮಾರುಕಟ್ಟೆಯಿಂದ ಹಣ್ಣು ತಂದು ಇರಿದು ನೋಡುವಷ್ಟು ದುಡ್ಡು ಎಲ್ಲ ಗುಂಪುಗಳ ಹತ್ತಿರವೂ ಇರುತ್ತದೆ.

ಶಬ್ದದ ಶಕ್ತಿ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾದ್ದಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ರಾಜ್ಯದ ಅನೇಕ ಊರುಗಳಲ್ಲೂ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ಆ ಕಾಲದವರಿಗೆಲ್ಲ ನೆನಪಿದೆ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಎಂಬ ಸುದ್ದಿ. ಆ ದೆವ್ವ ನೋಡಲು ಹೇಗಿತ್ತು ಎಂದು ಕೇಳಿದರೆ ಬಹುತೇಕರ ಬಳಿ ಉತ್ತರವಿಲ್ಲ. ಅದಕ್ಕೆ ರೂಪವೇ ಬೇಕಾಗಿರಲಿಲ್ಲ. ಒಂದು ತಟ್ಟಿದ ಸದ್ದು, ಅಮ್ಮನ ದನಿ, ಬಾಗಿಲ ಈಚೆ ನಿಂತ ನಾವು. ಈ ಕಥೆಯ ಎಳೆ ಹಿಡಿದೇ 2018ರಲ್ಲಿ ಹಿಂದಿಯ ‘ಸ್ತ್ರೀ’ ಬಂತು. ಎರಡು ನಿಮಿಷದ ಹಾರರ್ ಆರಂಭಕ್ಕೆ ಇದಕ್ಕಿಂತ ಪಕ್ಕಾ ಕಥೆ ನನಗೆ ಗೊತ್ತಿಲ್ಲ. ಹುಡುಗಿ ನಡುಮನೆಯಲ್ಲಿ ಓದುತ್ತಿದ್ದಾಳೆ, ಹೊರಗಿನಿಂದ ಅಮ್ಮ ಕರೆಯುತ್ತಾಳೆ, ಹುಡುಗಿ ಎದ್ದು ಬಾಗಿಲತ್ತ ನಡೆಯುತ್ತಾಳೆ, ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನದೇ ದನಿ ಯಾರು ಬಂದರು ಎಂದು ಕೇಳುತ್ತದೆ. ಒಂದು ಹನಿ ರಕ್ತವಿಲ್ಲ, ಮೇಕಪ್ಪಿಲ್ಲ.

ಕೆಲಸದ ಮಟ್ಟದಲ್ಲಿ ಹೇಳುವುದಾದರೆ, ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಮೌನವನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಫ್ಯಾನು, ದೂರದ ವಾಹನ, ಫ್ರಿಜ್ಜಿನ ಗುಂಯ್‌ಗುಡುವಿಕೆ ಎಲ್ಲ ಸೇರಿದ ಆ ಮೌನವನ್ನು ಶಾಟುಗಳ ಕೆಳಗೆ ಒಂದೇ ಪದರವಾಗಿ ಹಾಸಿದರೆ ಕಟ್ಟುಗಳು ಕಿವಿಗೆ ಚುಚ್ಚುವುದಿಲ್ಲ. ಆಮೇಲೆ ಅದೇ ಪದರವನ್ನು ಇದ್ದಕ್ಕಿದ್ದಂತೆ ತೆಗೆದುಬಿಟ್ಟರೆ, ಅಂದರೆ ಫ್ರಿಜ್ಜಿನ ಸದ್ದೂ ನಿಂತುಹೋದರೆ, ನೋಡುಗನ ಬೆನ್ನು ನೆಟ್ಟಗಾಗುತ್ತದೆ. ಸಿದ್ಧವಾಗಿ ಸಿಗುವ ‘ಢಂ’ ಎಂಬ ಸದ್ದನ್ನು ಪ್ರತಿ ಕಟ್ಟಿಗೂ ಹಾಕುವ ಚಟ ಬಿಡಬೇಕು. ಒಮ್ಮೆ ಹಾಕಿದರೆ ಏಟು, ಮೂರು ಸಲ ಹಾಕಿದರೆ ಬೇಸರ. ಗಂಭೀರ ತಗ್ಗು ಸ್ವರಗಳು ಮೊಬೈಲಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ ಎಂಬುದು ಇನ್ನೊಂದು ಎಚ್ಚರಿಕೆ. ಎಡಿಟಿಂಗ್ ಮುಗಿಸುವ ಮೊದಲು ಒಳ್ಳೆಯ ಹೆಡ್‌ಫೋನಿನಲ್ಲೂ ದೊಡ್ಡ ಸ್ಪೀಕರಿನಲ್ಲೂ ಕೇಳಿ ನೋಡಿ.

ಟೈಟಲ್ ಕಾರ್ಡುಗಳನ್ನು ಮಕ್ಕಳು ಕೊನೆಯ ದಿನದ ಕೆಲಸ ಎಂದುಕೊಳ್ಳುತ್ತಾರೆ. ರಕ್ತ ಸೋರುವ ಕೆಂಪಕ್ಷರ ತಂದು ಅಂಟಿಸಿ ಮುಗಿಸುತ್ತಾರೆ. ‘ಸೈಕೋ’ಗೆ ಸಾಲ್ ಬಾಸ್ ಮಾಡಿದ್ದು ಬರೀ ಬೂದು ಪಟ್ಟಿಗಳು, ಅವು ಅಕ್ಷರಗಳನ್ನು ಕತ್ತರಿಸುತ್ತ ಹೋಗುತ್ತವೆ, ಅಷ್ಟರಲ್ಲೇ ಒಂದು ಸೀಳಿದ ಮನಸ್ಸಿನ ಸೂಚನೆ ಸಿಕ್ಕಿಬಿಡುತ್ತದೆ. 1995ರ ‘ಸೆವೆನ್’ ಚಿತ್ರಕ್ಕೆ ಕೈಲ್ ಕೂಪರ್ ಗೀಚಿದ ಅಕ್ಷರ, ಹೊಲಿದ ಪುಟ, ಬ್ಲೇಡು ಹಿಡಿದ ಬೆರಳು ಇವುಗಳಿಂದ ಕೊಲೆಗಾರನ ಪರಿಚಯವನ್ನೇ ಮಾಡಿಕೊಟ್ಟ. ಟೈಟಲ್ ಎಲ್ಲಿ, ಯಾವ ಹೊತ್ತಿಗೆ ಬರಬೇಕೆಂಬುದು ಕಥೆಯ ಭಾಗ. ಟೈಟಲ್ ಕಾರ್ಡಿನ ಅಲಕ್ಷ್ಯಕ್ಕೆ ರೊಮೆರೊ ತಂಡ ತೆತ್ತ ಬೆಲೆ ಚಿತ್ರರಂಗದಲ್ಲಿ ಪ್ರಸಿದ್ಧ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಹೆಸರು ಮೊದಲು ಬೇರೆ ಇತ್ತು. ವಿತರಕರು ಹೆಸರು ಬದಲಿಸಿ ಹೊಸ ಟೈಟಲ್ ಕಾರ್ಡ್ ಹಾಕುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕನ್ ಕಾನೂನಿನ ಪ್ರಕಾರ ಆ ಸಾಲು ಇಲ್ಲದ ಚಿತ್ರ ಸಾರ್ವಜನಿಕರ ಸೊತ್ತಾಯಿತು. ಜಗತ್ತೆಲ್ಲ ನೋಡಿದ ಚಿತ್ರದ ಹಕ್ಕು ಮಾಡಿದವರ ಕೈಯಲ್ಲಿ ಉಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ದುಷ್ಟ ಯಾರು ಎಂಬ ಆಯ್ಕೆಯೂ ಸೃಜನಶೀಲ ಆಯ್ಕೆಯೇ, ಅದಕ್ಕೆ ಹೊಣೆಯೂ ಇದೆ. ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡವನು, ಕೂದಲು ಬಿಚ್ಚಿಕೊಂಡ ಹೆಂಗಸು, ಮುಖದ ಮೇಲೆ ಸುಟ್ಟ ಗಾಯ ಇರುವವನು ಇವರನ್ನು ಕಂಡರೆ ಹೆದರಬೇಕೆಂದು ಸಿನಿಮಾ ನಮಗೆ ಬಹಳ ಕಾಲದಿಂದ ಕಲಿಸಿದೆ. ಇವರು ನಮ್ಮ ನಿಮ್ಮ ಮನೆಗಳಲ್ಲಿ ಬದುಕುವ ಜನ. ನಮ್ಮಲ್ಲೂ ದೆವ್ವ ಮೈಮೇಲೆ ಬರುವುದು ಹೆಣ್ಣಿಗೇ ಎಂಬ ರೂಢಿ ಗಟ್ಟಿಯಾಗಿದ್ದ ಕಾಲದಲ್ಲಿ, 1979ರ ‘ನಾ ನಿನ್ನ ಬಿಡಲಾರೆ’ ಆ ಪ್ರೇತವನ್ನು ಅನಂತನಾಗ್ ಮೈಯಲ್ಲಿ ತಂದು ಕೂರಿಸಿತು. ಗಂಡನ ಮುಖ ಬದಲಾಗುವುದನ್ನು ಹೆಂಡತಿ ನೋಡಬೇಕಾದ ಆ ಸ್ಥಿತಿಯೇ ಚಿತ್ರದ ಭಯಕ್ಕೆ ಆಧಾರವಾಯಿತು. ರೂಢಿಯನ್ನು ಒಂದು ಕಡೆ ಬದಲಿಸಿದರೂ ಹೊಸ ಭಯ ಹುಟ್ಟುತ್ತದೆ ಎನ್ನಲು ಇದು ಸಾಕ್ಷಿ. ಇನ್ನು ನಕಲಿ ಚಾಕು, ಬಂದೂಕು ಹಿಡಿದು ರಸ್ತೆಯಲ್ಲಿ ಚಿತ್ರೀಕರಿಸುವುದು ಬೇಡವೇ ಬೇಡ. ದೂರದಿಂದ ಕಂಡವರಿಗೆ ಅದು ನಕಲಿ ಎಂದು ಗೊತ್ತಾಗುವುದಿಲ್ಲ. ಒಳಾಂಗಣದಲ್ಲಿ ತೆಗೆಯುವಾಗಲೂ ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ, ಕಿರುಚಾಟ ಅವರಿಗೂ ಕೇಳಿಸುತ್ತದೆ.

ಒಸಿಆರ್ ಈ ಕೆಲಸಕ್ಕೆ ಮೊದಲು ಒಂದು ಪೂರ್ವಾಭ್ಯಾಸವನ್ನೂ ಇಟ್ಟಿತ್ತು. ಒಂದು ಪಾತ್ರ ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬರ ಎದುರಿನ ಕುರ್ಚಿಯಲ್ಲಿ ಕೂತು ಒಂದೆರಡು ಮಾತಾಡುವುದು, ಅಷ್ಟೇ. ಕೇಳಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಆದರೆ ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟ ಶಾಟಿನಿಂದ ಬಾಗಿಲು ತೆರೆಯುವ ಶಾಟಿಗೆ ಚಲನೆ ಮುರಿಯದೆ ಕಟ್ ಮಾಡುವುದು, ಮಾತಾಡುವ ಇಬ್ಬರ ನಡುವೆ ಕ್ಯಾಮೆರಾ ಒಂದೇ ಬದಿಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಸಿನಿಮಾದ ಅಕ್ಷರಾಭ್ಯಾಸ. ಹಾರರ್ ಮಾಡುವವರಿಗೆ ಇದರ ಬೆಲೆ ಎರಡು ಪಟ್ಟು. ನಿಯಮ ಕೈಗೆ ಹತ್ತಿದವರು ಮಾತ್ರ ಅದನ್ನು ಬೇಕಾದ ಕಡೆ ಮುರಿದು ನೋಡುಗನ ದಿಕ್ಕು ತಪ್ಪಿಸಬಲ್ಲರು. ಗೊತ್ತಿಲ್ಲದೆ ಮುರಿದರೆ ಅದು ಗೊಂದಲ ಮಾತ್ರ.

ಕೊನೆಯ ಆಯ್ಕೆ ನಿಲ್ಲಿಸುವ ಜಾಗ. ಅನೇಕ ಗುಂಪುಗಳು ಎರಡು ನಿಮಿಷದೊಳಗೆ ಹುಡುಗಿಯನ್ನು ಕೊಂದು, ಪರದೆ ಕಪ್ಪಾಗಿಸಿ, ಹೆಸರು ಹಾಕುತ್ತವೆ. ಆಗ ಅದು ಚಿತ್ರದ ಆರಂಭವಾಗಿ ಉಳಿಯುವುದಿಲ್ಲ, ಒಂದು ಪುಟ್ಟ ಚಿತ್ರವಾಗಿ ಮುಗಿದುಹೋಗುತ್ತದೆ. 1996ರ ‘ಸ್ಕ್ರೀಮ್’ ತನ್ನ ಅತಿ ಪರಿಚಿತ ನಟಿ ಡ್ರೂ ಬ್ಯಾರಿಮೋರ್ ಪಾತ್ರವನ್ನು ಮೊದಲ ದೃಶ್ಯದಲ್ಲೇ ಕೊಂದಿತು ನಿಜ. ಆದರೆ ಫೋನಿನ ಆ ಕಡೆ ಇದ್ದವನು ಯಾರು ಎಂಬ ಪ್ರಶ್ನೆಯನ್ನು ಜೀವಂತ ಇಟ್ಟುಕೊಂಡೇ ಕೊಂದಿತು. ನಿಮ್ಮ ಎರಡು ನಿಮಿಷವನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಮುಗಿದ ಕೂಡಲೇ ಆಮೇಲೇನಾಯ್ತು ಎಂದು ಅವರು ಕೇಳುತ್ತಾರೋ ಇಲ್ಲವೋ ನೋಡಿ. ಚೆನ್ನಾಗಿದೆ ಎಂದು ಸುಮ್ಮನಾದರೆ ಎಡಿಟಿಂಗ್ ಟೇಬಲ್ಲಿಗೆ ವಾಪಸ್ ಹೋಗಿ.

ನಮ್ಮ ಕಾಲೇಜುಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ, ಶಾಲೆಗಳ ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಂದ ಕಿರುಚಿತ್ರ ಮಾಡಿಸುವ ಮೇಷ್ಟರುಗಳಿದ್ದಾರೆ. ಹೆಚ್ಚಾಗಿ ಅವರು ಕೇಳುವುದು ಸಂದೇಶವಿರುವ, ಆದಿಯಿಂದ ಅಂತ್ಯದವರೆಗಿನ ಪೂರ್ತಿ ಕಥೆಯನ್ನು. ಮಕ್ಕಳು ಸಂದೇಶದ ಹಿಂದೆ ಬಿದ್ದು ಶಾಟನ್ನು ಮರೆಯುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ: ಈ ಸಲ ಸಂದೇಶ ಬೇಡ, ಪೂರ್ತಿ ಕಥೆಯೂ ಬೇಡ ಎನ್ನಿ. ನಿಮ್ಮ ಮನೆಯ ಒಂದು ಬಾಗಿಲು, ಒಬ್ಬರು ನಟರು, ಎರಡು ನಿಮಿಷ ಎಂದು ಹೇಳಿ ಕಳಿಸಿ. ತಂದದ್ದನ್ನು ತರಗತಿಯ ದೀಪ ಆರಿಸಿ, ಎಲ್ಲರೂ ಒಟ್ಟಿಗೆ ಕೂತು ನೋಡಿ.